ಎರಡು ಡಿಸ್ಕ್ ಹೋದ ಮೇಲೆ: ಮನೆಯ ರೇಡ್ ಒಂದರ ಪ್ರಕರಣ ಅಧ್ಯಯನ

ರೇಡ್ ಎಂದರೆ ಹಲವು ಡಿಸ್ಕುಗಳನ್ನು ಸೇರಿಸಿ ಒಂದೇ ಡಿಸ್ಕಿನಂತೆ ಬಳಸುವ ಏರ್ಪಾಡು. ಇದು ಕರಾವಳಿಯ ಒಂದು ಮನೆಯಲ್ಲಿ ನಡೆದದ್ದು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಡಿಸ್ಕುಗಳಿಗೆ ಏನಾಯ್ತು, ನಾವು ಏನು ಮಾಡಿದೆವು ಎಂಬುದು ಮಾತ್ರ ಇದ್ದ ಹಾಗೇ ಇದೆ. ಮನೆಯ ಯಜಮಾನರು ನಿವೃತ್ತ ಹೈಸ್ಕೂಲ್ ಶಿಕ್ಷಕರು. ಇಲ್ಲಿ ಅವರನ್ನು ಮಾಷ್ಟ್ರು ಎನ್ನುತ್ತೇನೆ.

ಮಾಷ್ಟ್ರಿಗೆ ಆಟ (ಯಕ್ಷಗಾನ), ಕೂಟ (ತಾಳಮದ್ದಳೆ) ಎರಡರ ಹುಚ್ಚೂ ಇದೆ. ಎಂಬತ್ತರ ದಶಕದಿಂದ ತಾಳಮದ್ದಳೆ ಕೂಟಗಳಿಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋದವರು. ಆಮೇಲೆ ಸಣ್ಣ ವಿಡಿಯೋ ಕ್ಯಾಮೆರಾ ಬಂತು. ಎಂಟುನೂರರಷ್ಟು ಕ್ಯಾಸೆಟ್ಟು, ಮುನ್ನೂರೈವತ್ತು ಮಿನಿ ಡಿವಿ ಟೇಪು ಸೇರಿದವು. ನಿವೃತ್ತಿಯ ನಂತರ ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸತೊಡಗಿದರು. ಮಿನಿ ಡಿವಿ ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತದೆ. ಎಲ್ಲ ಸೇರಿ 5.3 ಟೆರಾಬೈಟ್ ಆಗಿತ್ತು.

ಇಲ್ಲಿನ ಮಳೆಗಾಲ ಗೊತ್ತಲ್ವಾ? ಟೇಪಿಗೆ ಬೂಷ್ಟು ಹಿಡಿಯುತ್ತದೆ. ಇಳಿಸಿ ಆದ ಮೇಲೆ ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಮಾಷ್ಟ್ರು ಎಸೆದುಬಿಟ್ಟಿದ್ದರು. ಅಂದರೆ ತೀರಿಕೊಂಡ ಎಷ್ಟೋ ಅರ್ಥಧಾರಿಗಳ (ಕೂಟದಲ್ಲಿ ಪಾತ್ರದ ಮಾತು ಹೇಳುವವರ) ದನಿ ಉಳಿದಿದ್ದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ. ಬೇರೆಲ್ಲೂ ಪ್ರತಿ ಇರಲಿಲ್ಲ. "ರೇಡ್ ಉಂಟಲ್ಲ, ಒಂದು ಡಿಸ್ಕ್ ಹೋದ್ರೂ ಎಂತದೂ ಆಗುದಿಲ್ಲ" ಎಂಬ ಧೈರ್ಯ.

ಆ ರೇಡ್ ಕಟ್ಟಿಕೊಟ್ಟದ್ದು ಬೆಂಗಳೂರಿನಲ್ಲಿರುವ ಮಗ, ನಾಲ್ಕು ವರ್ಷದ ಹಿಂದೆ. ಒಂದೇ ಅಂಗಡಿಯಲ್ಲಿ, ಒಂದೇ ದಿನ ತಂದ 4 ಟೆರಾಬೈಟಿನ ನಾಲ್ಕು ಸಾಧಾರಣ ಡೆಸ್ಕ್‌ಟಾಪ್ ಡಿಸ್ಕು. ಮೇಲೆ ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ರೇಡ್ 5. ಇದರ ಲೆಕ್ಕ ಸರಳ. ಮೂರು ಡಬ್ಬಿಯಲ್ಲಿ 5, 8, 2 ಕಾಳು ಇವೆ ಅಂದುಕೊಳ್ಳಿ. ನಾಲ್ಕನೇ ಡಬ್ಬಿಯಲ್ಲಿ 'ಒಟ್ಟು 15' ಎಂಬ ಚೀಟಿ. ಯಾವ ಡಬ್ಬಿ ಕಳೆದರೂ ಉಳಿದ ಮೂರರಿಂದ ಅದರಲ್ಲಿ ಎಷ್ಟಿತ್ತೆಂದು ಹೇಳಬಹುದು. ಎರಡು ಕಳೆದರೆ ಆಗುವುದಿಲ್ಲ. ಡಿಸ್ಕಿನಲ್ಲಿ ಕೂಡುವ ಬದಲು ಎಕ್ಸ್‌ಆರ್ ಎಂಬ ಲೆಕ್ಕ ಇರುತ್ತದೆ. ಚೀಟಿಯೂ ಒಂದೇ ಡಿಸ್ಕಿನಲ್ಲಿ ಇರದೆ ನಾಲ್ಕರಲ್ಲೂ ಸುತ್ತುತ್ತಾ ಹೋಗುತ್ತದೆ. ಅಷ್ಟೇ ವ್ಯತ್ಯಾಸ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಈ ಹೆಸರಿಟ್ಟಾಗ ರೇಡ್‌ನ 'ಐ' ಅಕ್ಷರಕ್ಕೆ 'ಇನ್‌ಎಕ್ಸ್‌ಪೆನ್ಸಿವ್', ಅಂದರೆ ಅಗ್ಗದ್ದು ಎಂದೇ ಅರ್ಥವಿತ್ತು. ಅಗ್ಗದ ಡಿಸ್ಕುಗಳನ್ನು ಸೇರಿಸಿ ಗಟ್ಟಿ ಮಾಡುವುದು ಅವರ ಉದ್ದೇಶ. ಹಾಗಾಗಿ ಮಗ ಮಾಡಿದ್ದರಲ್ಲಿ ಮೂಲದಲ್ಲಿ ತಪ್ಪೇನೂ ಇರಲಿಲ್ಲ.

ಜೂನ್ ತಿಂಗಳ ಫೋನು

ಮಳೆ ಹಿಡಿದು ಒಂದು ವಾರ ಆಗಿತ್ತು. ಬೆಳಿಗ್ಗೆ ಮಾಷ್ಟ್ರ ಫೋನು. "ಮಾರಾಯ್ರೇ, ಫೋಲ್ಡರೇ ಓಪನ್ ಆಗುದಿಲ್ಲ. ಇನ್‌ಪುಟ್ ಔಟ್‌ಪುಟ್ ಎರರ್ ಅಂತ ಬರ್ತದೆ. ಮೂರು ಸಲ ಆಫ್ ಮಾಡಿ ಆನ್ ಮಾಡಿದೆ. ಈಗ ಆ ಡ್ರೈವೇ ಕಾಣುದಿಲ್ಲ. ಮಗ ವಾಟ್ಸ್ಆ್ಯಪಿನಲ್ಲಿ ಒಂದು ಕಮಾಂಡ್ ಕಳಿಸಿದ್ದಾನೆ. ಟೈಪ್ ಮಾಡಿ ಇಟ್ಟಿದ್ದೇನೆ. ಎಂಟರ್ ಒತ್ಲಾ?"

ಓದಿ ಹೇಳಿ ಎಂದೆ. ಎಂಡಿಆಡ್ಮ್ ಎಂಬುದು ಲಿನಕ್ಸಿನಲ್ಲಿ ರೇಡ್ ನೋಡಿಕೊಳ್ಳುವ ಸಾಧನ. ಅದರ ಕ್ರಿಯೇಟ್ ಕಮಾಂಡ್ ಅದು. ನಾಲ್ಕೂ ಡಿಸ್ಕಿನ ಹೆಸರು ಮುಂದೆ ಇತ್ತು. ನನಗೆ ಎದೆ ಝಲ್ ಎಂದಿತು.

"ಒತ್ತಬೇಡಿ ಮಾಷ್ಟ್ರೇ. ಕಂಪ್ಯೂಟರ್ ಆಫ್ ಮಾಡಿ. ನಾನು ಬರುವ ತನಕ ಮುಟ್ಟಬೇಡಿ."

ಈ ಪ್ರಕರಣದ ಮೊದಲ ತಿರುವು ಇದೇ. ನನ್ನ ಮಟ್ಟಿಗೆ ಅತಿ ದೊಡ್ಡದೂ ಇದೇ. ಕ್ರಿಯೇಟ್ ಎಂದರೆ ಹಳೆಯ ರೇಡನ್ನು ಎಬ್ಬಿಸುವುದಲ್ಲ, ಹೊಸದನ್ನು ಕಟ್ಟುವುದು. ರೇಡ್ 5 ಹೊಸದಾಗಿ ಕಟ್ಟುವಾಗ ಎಂಡಿಆಡ್ಮ್ ಮೊದಲ ಮೂರನ್ನು ಸರಿ ಎಂದು ಹಿಡಿದು, ಕೊನೆಯ ಡಿಸ್ಕನ್ನು ತುದಿಯಿಂದ ತುದಿಗೆ ಹೊಸದಾಗಿ ಬರೆಯುತ್ತದೆ. ಡಿಸ್ಕುಗಳ ಕ್ರಮ ತಪ್ಪಿದ್ದರೆ ಬರೆಯುವುದೆಲ್ಲ ಕಸ. ಕ್ರಮ ಸರಿ ಇದ್ದರೂ, ದತ್ತಾಂಶ ಎಲ್ಲಿಂದ ಶುರು ಎಂಬ ಲೆಕ್ಕ ಎಂಡಿಆಡ್ಮ್‌ನ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ. ಇಂಟರ್ನೆಟ್ಟಿನಲ್ಲಿ ಯಾರಿಗೋ ಈ ಕಮಾಂಡಿನಿಂದ ಎಲ್ಲ ವಾಪಸ್ ಬಂದಿರಬಹುದು. ಅವರಿಗೆ ಹಳೆಯ ಕ್ರಮ, ಅಳತೆ ಎಲ್ಲ ಗೊತ್ತಿದ್ದವು. ಮಾಷ್ಟ್ರ ಮಗನಿಗೆ ನಾಲ್ಕು ವರ್ಷದ ಹಿಂದಿನದು ನೆನಪಿರಲಿಲ್ಲ. ಅಪ್ಪನ ಗಾಬರಿ ಕೇಳಿ ಅವನೂ ಗಾಬರಿಯಾಗಿದ್ದ.

ಮೊದಲು ನೋಡುವುದು, ಆಮೇಲೆ ಮುಟ್ಟುವುದು

ಸಂಜೆ ಹೋದೆ. ಪೆಟ್ಟಿಗೆ ಬಿಚ್ಚಿ ಪ್ರತಿ ಡಿಸ್ಕಿನ ಸೀರಿಯಲ್ ನಂಬರ್ ಬರೆದುಕೊಂಡೆ, ಫೋಟೋ ತೆಗೆದೆ, ಚೀಟಿ ಅಂಟಿಸಿದೆ. ಲಿನಕ್ಸ್ ಡಿಸ್ಕಿಗೆ ಕೊಡುವ ಹೆಸರು ಪ್ರತಿ ಸಲ ಆನ್ ಮಾಡಿದಾಗ ಅದಲು ಬದಲಾಗಬಹುದು. ಸೀರಿಯಲ್ ನಂಬರ್ ಬದಲಾಗುವುದಿಲ್ಲ. ಇಲ್ಲಿ ಅವನ್ನು ರೇಡಿನೊಳಗಿನ ಕ್ರಮದಲ್ಲಿ ಎ, ಬಿ, ಸಿ, ಡಿ ಎಂದು ಕರೆಯುತ್ತೇನೆ.

ಪ್ರತಿ ಡಿಸ್ಕಿನ ಆರಂಭದಲ್ಲಿ ರೇಡ್ ತನ್ನ ಬಗ್ಗೆ ಒಂದು ಟಿಪ್ಪಣಿ ಇಟ್ಟುಕೊಂಡಿರುತ್ತದೆ. ಅದಕ್ಕೆ ಸೂಪರ್‌ಬ್ಲಾಕ್ ಎನ್ನುತ್ತಾರೆ. ಎಂಡಿಆಡ್ಮ್‌ನ ಎಕ್ಸಾಮಿನ್ ಅದನ್ನು ಓದಿ ತೋರಿಸುತ್ತದೆ, ಏನನ್ನೂ ಬರೆಯುವುದಿಲ್ಲ. ಅದರಲ್ಲಿ ಇವೆಂಟ್ಸ್ ಎಂಬ ಎಣಿಕೆ ಇದೆ. ರೇಡಿನ ಸ್ಥಿತಿ ಬದಲಾದಂತೆಲ್ಲ ಏರುತ್ತಾ ಹೋಗುವ ಸಂಖ್ಯೆ ಅದು. ಎ ಮತ್ತು ಸಿ ಡಿಸ್ಕಿನಲ್ಲಿ 58,916. ಡಿ ಡಿಸ್ಕಿನಲ್ಲಿ 58,912. ಬಿ ಡಿಸ್ಕಿನಲ್ಲಿ 41,207. ಬಿ ಕೊನೆಯ ಸಲ ಬರೆಸಿಕೊಂಡದ್ದು ಏಪ್ರಿಲಿನಲ್ಲಿ.

ಕಥೆ ಆಗಲೇ ಅರ್ಧ ಬಿಚ್ಚಿಕೊಂಡಿತು. ಎರಡು ಡಿಸ್ಕ್ ಒಂದೇ ದಿನ ಹೋಗಿರಲಿಲ್ಲ. ಬಿ ಎರಡು ತಿಂಗಳ ಹಿಂದೆಯೇ ಹೊರಬಿದ್ದಿತ್ತು. ಉಳಿದ ಮೂರು ಸುಮ್ನೆ ಕೆಲಸ ಮಾಡಿಕೊಂಡು ಬಂದವು. ಮಾಷ್ಟ್ರು ಆಮೇಲೂ 60 ಜಿಬಿಯಷ್ಟು ಹೊಸದಾಗಿ ಇಳಿಸಿದ್ದರು. ಜೂನಿನಲ್ಲಿ ಡಿ ಕೂಡ ಬಿದ್ದಾಗ ಎಲ್ಲ ನಿಂತಿತು. ಏಪ್ರಿಲಿನಲ್ಲಿ ಎಚ್ಚರಿಕೆ ಬರಲಿಲ್ಲವೇ? ಬಂದಿತ್ತು. ಎಂಡಿಆಡ್ಮ್ ಆ ಕಂಪ್ಯೂಟರಿನೊಳಗಿನ ರೂಟ್ ಖಾತೆಗೆ ಪತ್ರ ಹಾಕಿತ್ತು. ಆ ಅಂಚೆಪೆಟ್ಟಿಗೆಯನ್ನು ಯಾರೂ ಯಾವತ್ತೂ ತೆರೆದಿರಲಿಲ್ಲ.

ಇನ್ನರ್ಧ ಸ್ಮಾರ್ಟ್ ವರದಿಯಲ್ಲಿತ್ತು. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ ಅದು. ಅಲ್ಲಿಯ ತನಕ ಬಿ ಸತ್ತೇಹೋಗಿದೆ ಎಂದೇ ನಾನು ನಂಬಿದ್ದೆ, ಮಾಷ್ಟ್ರಿಗೂ ಹಾಗೇ ಹೇಳಿದ್ದೆ. ಮೊದಲು ಬಿದ್ದದ್ದು ಅದೇ ತಾನೆ? ಆದರೆ ಬಿ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್ (ದತ್ತಾಂಶ ಬರೆಯುವ ಸಣ್ಣ ತುಂಡು ಜಾಗ) ಒಂದೂ ಇರಲಿಲ್ಲ. ಬದಲಿಗೆ 199ನೇ ಸಾಲು, ಸಿಆರ್‌ಸಿ ಎರರ್, ಸಾವಿರ ದಾಟಿತ್ತು. ಆ ಸಾಲು ಹೇಳುವುದು ಡಿಸ್ಕಿನ ಕಥೆಯನ್ನಲ್ಲ, ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ದಾರಿಯ ಕಥೆಯನ್ನು. ಕೇಬಲ್ ಎಳೆದೆ, ಸಲೀಸಾಗಿ ಕೈಗೆ ಬಂತು. ಹಿಡಿದಿಡುವ ಕ್ಲಿಪ್ ಮುರಿದಿತ್ತು. ಟಾರ್ಚ್ ಹಿಡಿದು ನೋಡಿದರೆ ಏಳು ತೆಳ್ಳಗಿನ ಪಟ್ಟಿಗಳಲ್ಲಿ ಎರಡರ ಮೇಲೆ ಹಸಿರು ಕಪ್ಪು ಕಲೆ, ಹಳೆಯ ತಾಮ್ರದ ಚೊಂಬಿನ ಅಂಚಿನಲ್ಲಿ ಇರುತ್ತದಲ್ಲ, ಹಾಗೆ. ಸಮುದ್ರದ ಗಾಳಿ ಕಿಟಕಿಯಿಂದ ನೇರ ಆ ಮೇಜಿಗೇ ಬೀಸುತ್ತಿತ್ತು.

ನಿಜವಾಗಿ ಕಾಯಿಲೆ ಬಿದ್ದಿದ್ದದ್ದು ಡಿ. 197ನೇ ಸಾಲಿನಲ್ಲಿ 16 ಎಂದಿತ್ತು. ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವ ಸೆಕ್ಟರುಗಳು ಅವು. ಇಲ್ಲಿ ನಾನೊಂದು ತಪ್ಪು ಮಾಡಿದೆ. ಇನ್ನಷ್ಟು ಖಚಿತವಾಗಲಿ ಎಂದು ಡಿ ಡಿಸ್ಕಿಗೆ ಸ್ಮಾರ್ಟ್‌ನ ದೀರ್ಘ ಪರೀಕ್ಷೆ ಹಚ್ಚಿದೆ. ಅದು ಇಡೀ ಮೇಲ್ಮೈ ಓದುವ ಪರೀಕ್ಷೆ. ಮರುದಿನ ನೋಡಿದರೆ 16 ಇದ್ದದ್ದು 24 ಆಗಿತ್ತು. ಬಳಲಿದ ಡಿಸ್ಕಿನಲ್ಲಿ ಉಳಿದಿರುವ ಶಕ್ತಿಯನ್ನು ಅದರ ಪ್ರತಿ ತೆಗೆಯಲು ಖರ್ಚು ಮಾಡಬೇಕಿತ್ತು, ಪರೀಕ್ಷೆಗಲ್ಲ. ಇನ್ನೊಂದು ಸಲ ಹೀಗೆ ಮಾಡುವುದಿಲ್ಲ.

ಲಿನಕ್ಸ್ ನಡೆದದ್ದನ್ನೆಲ್ಲ ಬರೆದಿಡುವ ಕರ್ನಲ್ ಲಾಗಿನಲ್ಲಿ ಡಿ ಯಾಕೆ ಹೊರಬಿತ್ತು ಎಂಬುದೂ ಇತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮನೆಯ ರೇಡುಗಳು ಬೀಳುವುದು ಜಾಸ್ತಿ ಇದರಿಂದಲೇ ಎಂದು ನನಗನಿಸುತ್ತದೆ. ಸಾಧಾರಣ ಡೆಸ್ಕ್‌ಟಾಪ್ ಡಿಸ್ಕಿಗೆ ಒಂದು ಸೆಕ್ಟರ್ ಓದಲಾಗದಿದ್ದರೆ ಅದು ಹಟ ಹಿಡಿದು ಮತ್ತೆ ಮತ್ತೆ ಓದಲು ನೋಡುತ್ತದೆ. ಎರಡು ನಿಮಿಷ ದಾಟಿದರೂ ಉತ್ತರ ಕೊಡದೆ ಇರಬಹುದು. ಲಿನಕ್ಸ್ ಕಾಯುವುದು 30 ಸೆಕೆಂಡು ಮಾತ್ರ. ಆಮೇಲೆ ಸಂಪರ್ಕ ಕಡಿದು ಹೊಸದಾಗಿ ಜೋಡಿಸಲು ಹೋಗುತ್ತದೆ. ಡಿಸ್ಕು ಆಗಲೂ ಮಾತಾಡದಿದ್ದರೆ, ಇದು ಸತ್ತಿದೆ ಎಂದು ರೇಡ್ ಅದನ್ನು ಹೊರಹಾಕುತ್ತದೆ. ರೇಡಿಗೆಂದೇ ಮಾಡಿದ ಡಿಸ್ಕುಗಳು ಸುಮಾರು 7 ಸೆಕೆಂಡಿನಲ್ಲಿ 'ಓದಲಾಗಲಿಲ್ಲ' ಎಂದು ಒಪ್ಪಿಕೊಳ್ಳುತ್ತವೆ. ಆಗ ರೇಡ್ ಉಳಿದ ಡಿಸ್ಕುಗಳಿಂದ ಲೆಕ್ಕ ಹಾಕಿ ಆ ಜಾಗವನ್ನು ಸರಿಪಡಿಸುತ್ತದೆ. ಮಾಷ್ಟ್ರ ಡಿಸ್ಕುಗಳಿಗೆ ಆ ಸೌಲಭ್ಯ ಇರಲಿಲ್ಲ. ಇಲ್ಲದಿದ್ದರೆ ಲಿನಕ್ಸಿಗೇ 180 ಸೆಕೆಂಡು ಕಾಯಲು ಹೇಳಬಹುದು. ಒಂದು ಸಾಲಿನ ಕೆಲಸ. ಯಾರೂ ಹೇಳಿರಲಿಲ್ಲ.

ಈಗಲೇ ಎಬ್ಬಿಸುವುದೋ, ಪ್ರತಿ ತೆಗೆಯುವುದೋ

ಎ, ಸಿ, ಡಿ ಮೂರನ್ನು ಹಿಡಿದು ಫೋರ್ಸ್, ಅಂದರೆ ಎಣಿಕೆ ತಾಳೆಯಾಗದಿದ್ದರೂ ಒತ್ತಾಯದಿಂದ ಜೋಡಿಸು ಎಂದು ಹೇಳಿದ್ದರೆ ಆ ಸಂಜೆಯೇ ರೇಡ್ ಎದ್ದು ಕೂರುತ್ತಿತ್ತು. ಇವೆಂಟ್ಸ್ ಎಣಿಕೆಯಲ್ಲಿ ನಾಲ್ಕರಷ್ಟೇ ಅಂತರ. ಮಾಷ್ಟ್ರು ಪಕ್ಕದಲ್ಲಿ ಕಾಫಿ ಹಿಡಿದುಕೊಂಡು ನಿಂತಿದ್ದರು. ಆಸೆ ನನಗೂ ಆಯಿತು. ಆದರೆ ಎದ್ದ ಮೇಲೆ? 5.3 ಟೆರಾಬೈಟ್ ನಕಲು ಮಾಡುವಾಗ ಡಿ ಪೂರ್ತಿ ಕೂತುಬಿಟ್ಟರೆ ಹಿಂದೆ ಬರಲು ದಾರಿ ಇಲ್ಲ.

"ಬೆಂಗಳೂರಿನಲ್ಲಿ ಡೇಟಾ ರಿಕವರಿ ಅಂತ ಉಂಟಂತಲ್ಲ, ಅಲ್ಲಿಗೆ ಕೊಡುವುದಾ?" ಎಂದು ಅವರು ಕೇಳಿದರು. ಡಿಸ್ಕನ್ನು ಕಿವಿಗೆ ಹತ್ತಿರ ಹಿಡಿದು ಕೇಳಿದೆ. ಒಂದೇ ಸಮನೆ ತಿರುಗುವ ಸದ್ದು, ಟಕ್ ಟಕ್ ಇಲ್ಲ. ಟಕ್ ಟಕ್ ಕೇಳಿಸಿದ್ದರೆ ಅಲ್ಲೇ ಆಫ್ ಮಾಡಿ ಲ್ಯಾಬಿಗೆ ಕಳಿಸಲು ಹೇಳುತ್ತಿದ್ದೆ. ಆ ಸ್ಥಿತಿಯ ಡಿಸ್ಕನ್ನು ಮನೆಯಲ್ಲಿ ಓಡಿಸಿದಷ್ಟೂ ಹಾಳು. ಇದು ಹಾಗಲ್ಲ, ನಾವೇ ಮಾಡಬಹುದು, ಆದರೆ ಎರಡು ಹೊಸ ಡಿಸ್ಕು ಬೇಕು ಎಂದೆ. ಒಂದು 4 ಟೆರಾಬೈಟಿನದು, ಡಿ ಡಿಸ್ಕಿನ ಪ್ರತಿಗೆ. ಇನ್ನೊಂದು 8 ಟೆರಾಬೈಟಿನ ಎಕ್ಸ್‌ಟರ್ನಲ್, ಫೈಲುಗಳನ್ನು ಹೊರತೆಗೆಯಲು. ಪಿಂಚಣಿಯಲ್ಲಿ ಬದುಕುವವರಿಗೆ ಸಣ್ಣ ಖರ್ಚಲ್ಲ. ಮಾಷ್ಟ್ರು ಒಂದು ನಿಮಿಷ ಸುಮ್ಮನಿದ್ದು ಮಗನಿಗೆ ಫೋನ್ ಮಾಡಿದರು. ಶುಕ್ರವಾರ ರಾತ್ರಿಯ ಬಸ್ಸಿಗೆ ಮಗ ಎರಡೂ ಹಿಡಿದುಕೊಂಡು ಬಂದ. ನಡುವಿನ ಮೂರು ದಿನ ಕಂಪ್ಯೂಟರ್ ಆಫ್ ಆಗಿಯೇ ಇತ್ತು. ಆ ಮೂರು ದಿನ ಕಾದದ್ದು ಎರಡನೇ ತಿರುವು.

ಪ್ರತಿ, ಮತ್ತು ಅದರೊಳಗಿನ ಗುರುತು

ಡಿ ಡಿಸ್ಕಿನಿಂದ ಹೊಸ ಡಿಸ್ಕಿಗೆ ನಕಲು ಮಾಡಿದ್ದು ಡಿಡಿ ರೆಸ್ಕ್ಯೂ ಎಂಬ ಸಾಧನದಲ್ಲಿ. ಅದು ಮೊದಲು ಸುಲಭವಾಗಿ ಓದಲು ಸಿಗುವುದನ್ನೆಲ್ಲ ಎತ್ತಿಕೊಳ್ಳುತ್ತದೆ, ಕಷ್ಟದ ಜಾಗಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿ ತನಕ ಆಯಿತು, ಎಲ್ಲಿ ತಪ್ಪಿತು ಎಂಬುದನ್ನು ಒಂದು ನಕ್ಷೆ ಫೈಲಿನಲ್ಲಿ ಬರೆದಿಡುತ್ತದೆ. ಈ ನಕ್ಷೆಯ ಬೆಲೆ ಅದೇ ರಾತ್ರಿ ಗೊತ್ತಾಯಿತು. ಗುಡುಗು ಬಂದು ಕರೆಂಟ್ ಹೋಯಿತು. ಇನ್ವರ್ಟರ್ ಇತ್ತು, ಆದರೂ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆಯಿತು. ಹೋಗಿ ನೋಡಿದರೆ ಇನ್ವರ್ಟರಿನ ಹಿಂದಿನ ಸ್ವಿಚ್ಚು 'ಯುಪಿಎಸ್' ಬದಲು 'ನಾರ್ಮಲ್' ಕಡೆ ಇತ್ತು. ನಾರ್ಮಲ್‌ನಲ್ಲಿ ಬ್ಯಾಟರಿಗೆ ಬದಲಾಗುವ ಹೊತ್ತು ಜಾಸ್ತಿ. ಫ್ಯಾನು, ಲೈಟಿಗೆ ತೊಂದರೆ ಇಲ್ಲ, ಕಂಪ್ಯೂಟರಿಗೆ ಸಾಕಾಗುವುದಿಲ್ಲ. ಅಷ್ಟು ವರ್ಷ ಪ್ರತಿ ಕರೆಂಟ್ ಕಟ್‌ಗೂ ಈ ರೇಡ್ ಬರೆಯುವುದನ್ನು ನಡುವಿನಲ್ಲೇ ಬಿಟ್ಟು ಬೀಳುತ್ತಿತ್ತು ಎಂದಾಯಿತು. ಸ್ವಿಚ್ಚು ಸರಿಸಿ, ನಕಲನ್ನು ನಿಂತಲ್ಲಿಂದಲೇ ಮುಂದುವರಿಸಿದೆ.

ಹತ್ತಿರ ಹತ್ತಿರ ಒಂಬತ್ತು ಗಂಟೆಯಲ್ಲಿ ಮೊದಲ ಸುತ್ತು ಮುಗಿಯಿತು. ಕಷ್ಟದ ಜಾಗಗಳನ್ನು ಮೂರು ಸಲ ಪ್ರಯತ್ನಿಸಲು ಹೇಳಿದೆ. ಕೊನೆಗೆ ಓದಲಾಗದೆ ಉಳಿದದ್ದು 8 ಕೆಬಿ. 4 ಟೆರಾಬೈಟಿನಲ್ಲಿ 4 ಕೆಬಿಯ ಎರಡೇ ಎರಡು ತುಂಡು.

ಇಷ್ಟಾದರೆ ಗೆದ್ದೆವು ಅನಿಸುತ್ತದೆ. ಇಲ್ಲೊಂದು ಅಪಾಯ ಇದೆ. ಹಳೆಯ ಡಿಸ್ಕು ಆ ಜಾಗ ಓದುವಾಗ ಎರರ್ ಕೊಡುತ್ತಿತ್ತು. ಹೊಸ ಡಿಸ್ಕು ಕೊಡುವುದಿಲ್ಲ, ಅಲ್ಲಿರುವ ಸೊನ್ನೆಗಳನ್ನೇ ಸರಿಯಾದ ದತ್ತಾಂಶ ಎಂಬಂತೆ ತೋರಿಸುತ್ತದೆ. ಯಾವ ಫೈಲಿಗೆ ಪೆಟ್ಟಾಗಿದೆ ಎಂದು ಯಾವತ್ತೂ ತಿಳಿಯುವುದಿಲ್ಲ. ಹಾಗಾಗಿ ಡಿಡಿ ರೆಸ್ಕ್ಯೂಗೆ ಆ ಎರಡು ತುಂಡುಗಳಲ್ಲಿ ಬೇರೆಲ್ಲೂ ಸಿಗದಂಥ ಒಂದು ಗುರುತಿನ ಪದ ತುಂಬಲು ಹೇಳಿದೆ. ಆಮೇಲೆ ಫೈಲುಗಳಲ್ಲಿ ಆ ಪದ ಹುಡುಕಿದರಾಯಿತು.

ಹಳೆಯ ಡಿ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಟ್ಟೆವು. ಪ್ರತಿಯಲ್ಲೂ ಅದೇ ರೇಡ್ ಗುರುತು ಇರುವುದರಿಂದ ಎರಡೂ ಒಟ್ಟಿಗೆ ಕೂಡಿರಬಾರದು. ಬಿ ಡಿಸ್ಕಿಗೆ ಹೊಸ ಕೇಬಲ್ ಹಾಕಿದೆವು. ಪ್ರತಿ ಡಿಸ್ಕಿನ ಮೇಲೂ ಒಂದು ಓವರ್‌ಲೇ ಹಾಕಿದೆ. ನಕ್ಷೆಯ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಗೀಚಿದಂತೆ ಇದು. ರೇಡ್ ಏನು ಬರೆದರೂ ಮೇಲಿನ ಹಾಳೆಗೆ ಹೋಗುತ್ತದೆ, ಕೆಳಗಿನ ಡಿಸ್ಕಿಗೆ ತಾಗುವುದಿಲ್ಲ. ತಪ್ಪಾದರೆ ಹಾಳೆ ಹರಿದು ಇನ್ನೊಂದು ಇಡುವುದು. ಆಗ ಮಾತ್ರ ಎ, ಸಿ ಮತ್ತು ಹೊಸ ಡಿ ಹಿಡಿದು ಫೋರ್ಸ್ ಮಾಡಿದೆ. ಓದಲು ಮಾತ್ರ ಎಂದು ಮೌಂಟ್ ಮಾಡಿದೆ, ಅಂದರೆ ಫೈಲುಗಳು ಕಾಣುವಂತೆ ತೆರೆದೆ. ಜರ್ನಲ್ (ಅರ್ಧಕ್ಕೆ ನಿಂತ ಬರವಣಿಗೆಯ ಟಿಪ್ಪಣಿ) ಮುಟ್ಟದಂತೆ ನೋಲೋಡ್ ಎಂಬ ಆಯ್ಕೆಯನ್ನೂ ಸೇರಿಸಿದೆ. ಬರೀ ರೀಡ್ ಓನ್ಲಿ ಎಂದರೆ, ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯಾದ ಇಎಕ್ಸ್‌ಟಿ4 ಜರ್ನಲನ್ನು ಓಡಿಸಿಯೇ ಬಿಡುತ್ತದೆ.

ಫೋಲ್ಡರುಗಳು ಸಾಲಾಗಿ ಬಂದವು. ಮಾಷ್ಟ್ರು ಕುರ್ಚಿಯಲ್ಲಿ ಕೂತುಬಿಟ್ಟರು. ಮಾತಾಡಲಿಲ್ಲ.

ಎಲ್ಲವನ್ನೂ 8 ಟೆರಾಬೈಟಿನ ಡಿಸ್ಕಿಗೆ ನಕಲು ಮಾಡಿದೆವು. ಗುರುತಿನ ಪದ ಒಂದೇ ಫೈಲಿನಲ್ಲಿ ಸಿಕ್ಕಿತು. ವಾಲಿ ಸುಗ್ರೀವರ ಪ್ರಸಂಗದ ಒಂದು ಕೂಟ, ಆಡಿಯೋ. ಸೆಕೆಂಡಿಗೆ 1,76,400 ಬೈಟ್ ಇರುವ ಫೈಲಿನಲ್ಲಿ 4 ಕೆಬಿ ಎಂದರೆ ಸೆಕೆಂಡಿನ ನಲವತ್ತಮೂರನೇ ಒಂದು ಪಾಲು. ಹಾಕಿ ಕೇಳಿದೆವು. ಬಿದ್ದ ವಾಲಿ ರಾಮನನ್ನು ಕೇಳುವ ಜಾಗ. 'ಮರೆಯಲ್ಲಿ' ಎಂಬ ಮಾತಿನ ನಡುವೆ ಕರ್ ಎಂದು ಒಂದು ಕೊಯ್ತ. "ಈ ಅರ್ಥ ಹೇಳಿದವರು ಈಗ ಇಲ್ಲ" ಎಂದರು ಮಾಷ್ಟ್ರು.

ಬಿ ಡಿಸ್ಕಿನ ಉಪಯೋಗ

ಅಷ್ಟು ಸಾಕಿತ್ತು, ನಿಲ್ಲಿಸಬಹುದಿತ್ತು. ಆದರೆ ಮಗನಿಗೆ ಒಂದು ಯೋಚನೆ ಬಂತು. ಬಿ ಹಳೆಯದು ಎಂದು ಮೂಲೆಗಿಟ್ಟಿದ್ದೇವೆ, ಸರಿ. ಆದರೆ ಆ ಕೂಟದ ಫೈಲು ಇಳಿಸಿದ್ದು ಮೂರು ವರ್ಷದ ಹಿಂದೆ, ಆಮೇಲೆ ಅದನ್ನು ಯಾರೂ ತಿದ್ದಿಲ್ಲ. ಅಂದರೆ ಆ ಜಾಗದ ಮಟ್ಟಿಗೆ ಬಿ ಈಗಲೂ ಸರಿಯಾಗಿಯೇ ಇದೆ. ಡಬ್ಬಿಗಳ ಲೆಕ್ಕ ನೆನಪಿದೆಯಲ್ಲ? ಎ, ಬಿ, ಸಿ ಇದ್ದರೆ ಡಿ ಲೆಕ್ಕ ಹಾಕಬಹುದು.

ಹಳೆಯ ಓವರ್‌ಲೇ ಹರಿದು ಹಾಕಿ ಹೊಸದು ಇಟ್ಟು, ಈ ಸಲ ಎ, ಬಿ, ಸಿ ಹಿಡಿದು ಎಬ್ಬಿಸಿದೆವು. ಏಪ್ರಿಲ್ ನಂತರದ ಫೈಲುಗಳು ಇದರಲ್ಲಿ ಕಲಸುಮೇಲೋಗರ, ಕೆಲವು ಫೋಲ್ಡರ್ ತೆರೆಯಲೂ ಇಲ್ಲ. ಹಳೆಯವು ತೆರೆದವು. ಕೂಟದ ಫೈಲನ್ನು ಮೊದಲಿನ ನಕಲಿನ ಜೊತೆ ಹೋಲಿಸಿದೆವು. ಆ 4 ಕೆಬಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಬೈಟಿಗೆ ಬೈಟ್ ಒಂದೇ. ಆ 4 ಕೆಬಿಯಲ್ಲಿ ಗುರುತಿನ ಪದದ ಬದಲು ದನಿ ಇತ್ತು.

ಅಲ್ಲಿಗೇ ಬಿಡದೆ ಎರಡು ದಿನ ತೆಗೆದುಕೊಂಡು ಹಳೆಯ ಫೈಲುಗಳನ್ನೆಲ್ಲ ಹಾಗೇ ಹೋಲಿಸಿದೆವು. ಕಾರಣ ಇದೆ. ಇನ್ನೊಂದು ತುಂಡು 'ಚೀಟಿ'ಯ ಜಾಗದಲ್ಲಿ ಬಿದ್ದಿದ್ದರೆ, ಅದರಿಂದ ಲೆಕ್ಕ ಹಾಕಿದ ಬಿ ತುಂಡು ಕೆಟ್ಟಿರುತ್ತದೆ, ಗುರುತಿನ ಪದವೂ ಕಲಸಿಹೋಗಿ ಹುಡುಕಿದರೆ ಸಿಗುವುದಿಲ್ಲ. ಬೇರೆ ಯಾವ ಫೈಲಿನಲ್ಲೂ ವ್ಯತ್ಯಾಸ ಬರಲಿಲ್ಲ. ಏಪ್ರಿಲ್ ನಂತರದ 60 ಜಿಬಿಗೆ ಹೋಲಿಸಲು ಎರಡನೇ ಪ್ರತಿ ಇರಲಿಲ್ಲ. ಮಾಷ್ಟ್ರು ಅವನ್ನು ಒಂದೊಂದಾಗಿ ಹಾಕಿ ಕೇಳಿದರು. ಅವುಗಳ ಟೇಪನ್ನು ಪುಣ್ಯಕ್ಕೆ ಇನ್ನೂ ಎಸೆದಿರಲಿಲ್ಲ.

ಹೊಸ ಏರ್ಪಾಡು

ಮತ್ತೆ ಕಟ್ಟುವ ಮೊದಲು ಮಗ ಇನ್ನೊಂದು 8 ಟೆರಾಬೈಟಿನ ಡಿಸ್ಕು ತರಿಸಿದ. ಎರಡು ಪ್ರತಿ ಕೈಯಲ್ಲಿ ಇಲ್ಲದೆ ಹಳೆಯ ಡಿಸ್ಕುಗಳ ಮೇಲೆ ಒಂದಕ್ಷರ ಬರೆಯಬಾರದು ಎಂದು ನಾನು ಹಟ ಹಿಡಿದಿದ್ದೆ. ಒಂದು ಪ್ರತಿ ಮಾಷ್ಟ್ರ ಬೀರುವಿನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ. ಎ, ಬಿ, ಸಿ ಮತ್ತು ಹೊಸ ಡಿ ಸೇರಿಸಿ ಈ ಸಲ ರೇಡ್ 6 ಮಾಡಿದೆವು. ಜಾಗ 12ರಿಂದ 8 ಟೆರಾಬೈಟಿಗೆ ಇಳಿಯಿತು, ಆದರೆ ಎರಡು ಡಿಸ್ಕ್ ಹೋದರೂ ತಡೆಯುತ್ತದೆ. ಮೂರು ಡಿಸ್ಕು ಒಂದೇ ವಯಸ್ಸಿನವು, ಅದಕ್ಕೇ ಈ ಎಚ್ಚರ. 180 ಸೆಕೆಂಡಿನ ಸಾಲು ಸೇರಿಸಿದೆವು. ಎಚ್ಚರಿಕೆಯ ಪತ್ರ ಈಗ ಮಗನ ನಿಜವಾದ ಇಮೇಲಿಗೆ ಹೋಗುತ್ತದೆ. ಮೇಜನ್ನು ಕಿಟಕಿಯಿಂದ ಒಳಗಿನ ಕೋಣೆಗೆ ಸರಿಸಿದೆವು.

ಒಂದು ವಿಷಯ ಮಾತ್ರ ನನಗೆ ಕೊನೆಗೆ ಹೊಳೆಯಿತು. ಡೆಬಿಯನ್‌ನ ಆ ಆವೃತ್ತಿ ತಿಂಗಳ ಮೊದಲ ಭಾನುವಾರ ಇಡೀ ರೇಡನ್ನು ತಾನೇ ಓದಿ ಪರೀಕ್ಷಿಸುತ್ತದೆ. ಡಿ ಡಿಸ್ಕಿನ ಕೆಟ್ಟ ಸೆಕ್ಟರುಗಳಲ್ಲಿ ಏಪ್ರಿಲಿಗೆ ಮುಂಚಿನವು ಇದ್ದಿದ್ದರೆ, ಬಿ ಇನ್ನೂ ಜೊತೆಗಿದ್ದಾಗಲೇ ಅದು ಕಂಡುಹಿಡಿದು ಸರಿಮಾಡಬಹುದಿತ್ತು. ಯಾಕೆ ಮಾಡಲಿಲ್ಲ ಎಂದು ಹುಡುಕಿದರೆ, ಅದಕ್ಕಿಟ್ಟ ಹೊತ್ತು ಮಧ್ಯರಾತ್ರಿ 12:57. ಮಾಷ್ಟ್ರು ಪ್ರತಿ ರಾತ್ರಿ ಒಂಬತ್ತಕ್ಕೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು ಮಲಗುವವರು. ನಾಲ್ಕು ವರ್ಷದಲ್ಲಿ ಆ ಪರೀಕ್ಷೆ ಒಂದು ಸಲವೂ ನಡೆದಿರಲಿಲ್ಲ. ಅದನ್ನು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬದಲಿಸಿದೆವು.

ಮಗ ಹೊರಡುವ ಮುಂಚೆ ಅಪ್ಪನಿಗೆ ರೇಡಿನ ಸ್ಥಿತಿ ನೋಡುವುದನ್ನು ಕಲಿಸಿದ. ಚೌಕ ಕಂಸದೊಳಗೆ ನಾಲ್ಕು 'ಯು' ಇದ್ದರೆ ಎಲ್ಲ ಸರಿ, ಯಾವುದಾದರೂ ಜಾಗದಲ್ಲಿ ಅಡ್ಡಗೆರೆ ಬಂದರೆ ಫೋನ್ ಮಾಡು ಎಂದು. ಮಾಷ್ಟ್ರು ಅದನ್ನು ಕೂಟಗಳ ತಾರೀಕು ಬರೆಯುವ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡರು. ಈಗ ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ನಮ್ಮಿಬ್ಬರಿಗೂ ವಾಟ್ಸ್ಆ್ಯಪ್ ಬರುತ್ತದೆ: "ನಾಲ್ಕೂ ಉಂಟು."